ಹುಳ ಹೆಕ್ಕುವ ಕೈ

ದುರ್ಗವ್ವ ಕುರಿಯ ಬಾಲ ಎತ್ತಿ ಹಿಡಿದಳು. ಬಾಲದ ಬುಡದಲ್ಲಿ ಅಂಗೈ ಅಗಲದ ಗಾಯ. ಗಾಯದ ತುಂಬ ಹುಳ. ತಲೆಯನ್ನು ಮಾಂಸದೊಳಗೆ ಹೂತುಕೊಂಡು, ಹಿಂಭಾಗವನ್ನಷ್ಟೇ ಹೊರಗೆ ಬಿಟ್ಟುಕೊಂಡು, ಒಂದನ್ನೊಂದು ನೂಕುತ್ತ ಮಿಜಿಗುಡುತ್ತಿದ್ದವು. ಕುರಿ ಒದರುತ್ತಿರಲಿಲ್ಲ. ಒದರಿ ಒದರಿ ಅದರ ದನಿ ಬಿದ್ದುಹೋಗಿತ್ತು. ಹಿಂಗಾಲು ಮಾತ್ರ ಗಡಗಡ ನಡುಗುತ್ತಿದ್ದವು.

ಗೇಟಿನ ಆಚೆ ಕಿಟ್ಟಿ ಮೂಗಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದ. ಕುರಿಗಳು ಅವನವು. ಜಾಗವೂ ತನ್ನದೇ ಎಂದು ಅವನು ಹೇಳುತ್ತಿದ್ದ. ದನದ ಡಾಕ್ಟರನ್ನು ಕರೆಸಿ ಎಂದು ದುರ್ಗವ್ವ ಕೇಳಿಕೊಂಡದ್ದು ಅದು ಎಷ್ಟನೆಯ ಸಲವೋ. ಅವನು ಗೇಟಿನ ಸಂದಿಯಿಂದ ಒಂದು ಫಿನಾಯಿಲ್ ಬಾಟಲಿಯನ್ನು ಕಾಲಿನಿಂದ ಒಳಗೆ ತಳ್ಳಿದ.

"ಡಾಕ್ಟ್ರು ಗೀಕ್ಟ್ರು ಯಾರೂ ಒಳಗ್ ಬರಂಗಿಲ್ಲ ಅಂತ ಹೇಳಿದೀನಲ್ವಾ? ಕೈಯಲ್ಲೇ ಕೀಳು. ನಿಮ್ ಜನಕ್ಕೆ ಅಭ್ಯಾಸ ಇರುತ್ತೆ."

ದುರ್ಗವ್ವ ಗಾಯದೊಳಗೆ ಬೆರಳಿಟ್ಟಳು. ಬೆಚ್ಚಗಿತ್ತು. ಹುಳ ಜಾರುತ್ತಿತ್ತು. ಉಗುರಿನಲ್ಲಿ ಹಿಡಿದು ಎಳೆದರೆ ಅರ್ಧ ತುಂಡಾಗಿ ಬರುತ್ತಿತ್ತು, ಉಳಿದರ್ಧ ಒಳಗೇ ಕೊಳೆಯುತ್ತಿತ್ತು. ಒಂದೊಂದನ್ನೇ ಹೆಕ್ಕಿ ಡಬ್ಬಿಗೆ ಹಾಕಿದಳು. ಡಬ್ಬಿಯಲ್ಲಿ ಅವು ಮಳೆ ಬಿದ್ದ ಹಾಗೆ ಸದ್ದು ಮಾಡುತ್ತಿದ್ದವು. ಕಿಟ್ಟಿ ಒಂದು ಸಲ ನೋಡಿದ. ಉಗುಳಿದ. ಬೀಗ ಹಾಕಿಕೊಂಡು ಹೋದ.

ದುರ್ಗವ್ವ ಲಿಂಗಸುಗೂರು ಕಡೆಯವಳು. ಮಾದರ ಕೇರಿಯ ಹೆಣ್ಣು. ಲಂಗ ಉಡುವ ವಯಸ್ಸಿನಿಂದ ಗೌಡರ ಕುರಿ ಕಾದವಳು. ಸ್ವಂತಕ್ಕೆ ಒಂದು ಮರಿಯೂ ಇರಲಿಲ್ಲ. ಗಂಡ ದುಂಡಪ್ಪನ ಜೊತೆ ಬೆಂಗಳೂರಿಗೆ ಬಂದಾಗ ಇಬ್ಬರೂ ಮೈಸೂರು ರೋಡಿನ ಅಪಾರ್ಟ್‌ಮೆಂಟುಗಳಿಗೆ ಕಾಂಕ್ರೀಟು ಹೊತ್ತರು. ಅಲ್ಲಿಗೆ ಮರಳು ಹಾಕಿಸುತ್ತಿದ್ದ ಕಿಟ್ಟಿ ಒಂದು ದಿನ ಕುರಿ ನೋಡಿಕೊಳ್ಳುವವರು ಯಾರಾದರೂ ಇದ್ದಾರಾ ಎಂದು ಮೇಸ್ತ್ರಿಯನ್ನು ಕೇಳಿದ. ದುಂಡಪ್ಪ ಹೆಂಡತಿಯನ್ನು ತೋರಿಸಿದ. ಇರಲಿಕ್ಕೆ ಶೆಡ್ಡು, ಉಣ್ಣಲಿಕ್ಕೆ ರೇಷನ್ನು, ಹುಟ್ಟಿದ ಮರಿಗಳಲ್ಲಿ ಅರ್ಧ ಪಾಲು. ದುರ್ಗವ್ವ ಆ ಅರ್ಧ ಪಾಲನ್ನು ನಂಬಿದಳು. ನಲವತ್ತು ದಾಟಿದ ಮೇಲೆ ತನ್ನದೆಂದು ಒಂದು ಕುರಿಯನ್ನು ಕರೆಯುವ ಆಸೆ ಹುಟ್ಟಿತ್ತು.

ಜಾಗ ಕೆಂಗೇರಿ ಉಪನಗರ ದಾಟಿ, ವೃಷಭಾವತಿ ಕಾಲುವೆಯ ದಂಡೆಯಲ್ಲಿತ್ತು. ಒಂದು ಕಡೆ ಕಪ್ಪು ನೀರು ನೊರೆ ಕಾರುತ್ತ ಹರಿಯುತ್ತಿತ್ತು. ಇನ್ನೊಂದು ಕಡೆ ಲೇಔಟಿನ ಮೂರಂತಸ್ತಿನ ಮನೆಗಳು. ಕೊನೆಯ ಮನೆ ಕಿಟ್ಟಿಯದು. ಅಲ್ಲಿ ಅವನ ತಾಯಿ ಗಂಗಲಕ್ಷ್ಮಮ್ಮ ಇರುತ್ತಿದ್ದಳು. ದೀಪಾವಳಿಯ ಹೊತ್ತಿಗೆ ದುರ್ಗವ್ವ ಬಂದಳು. ಬೇಸಿಗೆಯ ತನಕ ದಿನವೂ ಕುರಿ ಹೊಡೆದುಕೊಂಡು ಹೊರಗೆ ಹೋಗುತ್ತಿದ್ದಳು. ರೈಲು ಹಳಿಯ ಪಕ್ಕದ ಹುಲ್ಲು, ಖಾಲಿ ಸೈಟುಗಳ ಗರಿಕೆ, ಕೆರೆಯಂಗಳ. ಮೆಟ್ರೋ ಮೇಲೆ ಹೋಗುತ್ತಿದ್ದರೆ ಕುರಿಗಳು ತಲೆ ಎತ್ತದೆ ಮೇಯುತ್ತಿದ್ದವು. ಆಗ ಅವಕ್ಕೆ ಒಂದು ಕೆಮ್ಮೂ ಇರಲಿಲ್ಲ.

ಆಮೇಲೆ ಕೇಸು ಬಂತು. ಯಾರೋ ಬಿಲ್ಡರು ಜಾಗ ತನ್ನದೆಂದು ಕೋರ್ಟಿಗೆ ಹೋದ. ಕಿಟ್ಟಿಯ ವಕೀಲ ಒಂದು ಮಾತು ಹೇಳಿದನಂತೆ: ಜಾಗದ ಮೇಲೆ ಯಾರ ಕಾಲಿದೆಯೋ ಕೋರ್ಟು ಅವರ ಮುಖ ನೋಡುತ್ತದೆ, ಕುರಿಯೂ ಕುರಿಯವಳೂ ಒಂದು ಗಳಿಗೆ ಕೂಡ ಅಲ್ಲಿಂದ ಕದಲಬಾರದು. ಒಂದೇ ವಾರದಲ್ಲಿ ಸುತ್ತಲೂ ಆಳೆತ್ತರದ ತಗಡು ಎದ್ದಿತು. ಕಬ್ಬಿಣದ ಗೇಟು ಬಂತು. ಬೀಗ ಹೊರಗಿನಿಂದ. ಬೀಗದ ಕೈ ಗಂಗಲಕ್ಷ್ಮಮ್ಮನ ಸೊಂಟದಲ್ಲಿ. ಬೆಳಿಗ್ಗೆ ದುಂಡಪ್ಪನನ್ನು ಕೂಲಿಗೆ ಬಿಡುತ್ತಿದ್ದರು, ಸಂಜೆ ಒಳಗೆ ಕೂಡುತ್ತಿದ್ದರು. ದುರ್ಗವ್ವನನ್ನು ಬಿಡಲಿಲ್ಲ. ಉಪ್ಪು ಬೇಕೆಂದರೂ ಗೇಟಿನ ಸಂದಿಯಿಂದ ಬರಬೇಕು.

ಮೇವು ತಗಡಿನ ಮೇಲಿನಿಂದ ಬೀಳುತ್ತಿತ್ತು. ಮಾರ್ಕೆಟ್ಟಿನಲ್ಲಿ ಉಳಿದ ಕೋಸಿನ ಎಲೆ, ಕೊಳೆತ ಟೊಮೇಟೊ, ಹೂಕೋಸಿನ ದಂಟು. ಮೇಯುವ ಪ್ರಾಣಿ ನಿಂತಲ್ಲೇ ನಿಂತಿತು. ನಿಂತಲ್ಲೇ ಹಿಕ್ಕೆ ಹಾಕಿತು. ಮುಂಗಾರು ಹಿಡಿದ ಮೇಲೆ ನೆಲವೆಲ್ಲ ಹಿಕ್ಕೆ, ಗಂಜಲ, ಕೊಳೆತ ಎಲೆ ಕಲಸಿದ ಕೆಸರಾಯಿತು. ಮೊಣಕಾಲು ಮಟ್ಟ ಅದರಲ್ಲೇ ನಿಂತು ದುರ್ಗವ್ವ ಬಾಚಿದಳು. ಬಾಚಿದ್ದನ್ನು ಹಾಕುವುದಕ್ಕೆ ಜಾಗವಿರಲಿಲ್ಲ. ಮೂಲೆಯಲ್ಲೇ ಗುಡ್ಡೆ ಮಾಡಿದಳು. ಗುಡ್ಡೆ ಹಬೆಯಾಡಿತು. ನೊಣ ಬಂದವು.

ಎರಡು ಜಾತಿಯವು. ಒಂದು ಹಸಿರು ಮಿಂಚಿನ ದಪ್ಪ ನೊಣ. ತಂತಿ ತರಚಿದ ಗಾಯವಿರಲಿ, ಬೇಧಿಯಾಗಿ ಒದ್ದೆಯಾದ ಬಾಲವಿರಲಿ, ಕೂತು ತತ್ತಿ ಇಟ್ಟು ಹೋಗುತ್ತಿತ್ತು. ಮಾರನೆಯ ದಿನ ಅಲ್ಲಿ ಹುಳ. ಇನ್ನೊಂದು ಜೇನುನೊಣದಷ್ಟು ದೊಡ್ಡದು, ಬೂದಿ ಬಣ್ಣದ್ದು. ಅದು ಕೂರುತ್ತಲೇ ಇರಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಕುರಿಯ ಮೂಗಿನ ಮುಂದೆ ಗಕ್ಕನೆ ಬಂದು, ಮೂಗಿಗೆ ಮರಿಹುಳ ಚಿಮ್ಮಿಸಿ, ಮಾಯವಾಗುತ್ತಿತ್ತು. ಅದರ ಸದ್ದು ಕೇಳಿದರೆ ಸಾಕು, ಕುರಿಗಳಿಗೆ ಹುಚ್ಚು ಹಿಡಿಯುತ್ತಿತ್ತು. ಮೂಗನ್ನು ಕೆಸರಿಗೆ ಒತ್ತುತ್ತಿದ್ದವು. ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸುತ್ತಿತ್ತು. ಊರಲ್ಲಿ ಈ ನೊಣ ಇರಲಿಲ್ಲವೆಂದಲ್ಲ. ಆದರೆ ಅಲ್ಲಿ ಹಿಂಡು ಓಡಬಹುದಿತ್ತು. ಇಲ್ಲಿ ಓಡಿದರೆ ತಗಡಿಗೆ ಹಾಯುತ್ತಿದ್ದವು. ದಡಾರ್ ಎನ್ನುವ ಆ ಸದ್ದಿಗೆ ಎದುರು ಮನೆಯ ಕೋಕಿಲಾ ಬಾಲ್ಕನಿಗೆ ಬಂದು, ಮೂಗು ಮುಚ್ಚಿ, ಒಳಗೆ ಹೋಗಿ ಕಿಟಕಿ ಎಳೆದುಕೊಳ್ಳುತ್ತಿದ್ದಳು.

ತಿಂಗಳೊಪ್ಪತ್ತಿನಲ್ಲಿ ಎಲ್ಲ ಕುರಿಗಳೂ ಸೀನತೊಡಗಿದವು. ಸಿಂಬಳ ಗಟ್ಟಿಯಾಗಿ ಮೂಗು ಕಟ್ಟಿತು. ಸಿಂಬಳದಲ್ಲಿ ರಕ್ತ ಬಂತು. ಸೀನಿದಾಗ ಬೆರಳಿನ ಗೆಣ್ಣಿನಷ್ಟು ಉದ್ದದ ಹುಳ ನೆಲಕ್ಕೆ ಬಿದ್ದು ಹೊರಳಾಡುತ್ತಿತ್ತು. ಒಂದು ಮುದಿ ಕುರಿ ಎರಡು ದಿನ ನಿಂತಲ್ಲೇ ಗಿರಗಿರ ಸುತ್ತಿತು. ಮೂರನೆಯ ದಿನ ಸುತ್ತುತ್ತಲೇ ಬಿದ್ದು ಸತ್ತಿತು. ಕಾಲುವೆಗೆ ಬಿಸಾಕು ಎಂದ ಕಿಟ್ಟಿ. ದುಂಡಪ್ಪ ಬಿಸಾಕಿದ.

ದುರ್ಗವ್ವನ ಕಣ್ಣಿಗೆ ಬಂದದ್ದು ಅದಾದ ಮೇಲೆ.

ನಡುಮಧ್ಯಾಹ್ನ. ಟಗರೊಂದರ ತಲೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಮೂಗಿನ ಸಿಂಬಳ ತೆಗೆಯುತ್ತಿದ್ದಳು. ಆ ಬೂದಿ ನೊಣ ಬಂತು. ಟಗರು ತಲೆ ತಿರುಗಿಸಿತು. ದುರ್ಗವ್ವನ ಬಲಗಣ್ಣಿಗೆ ಯಾರೋ ಬಿಸಿ ಮರಳು ಎರಚಿದ ಹಾಗಾಯಿತು. ಉಜ್ಜಿಕೊಂಡಳು. ಉರಿ ಹೆಚ್ಚಾಯಿತು. ಕಣ್ಣೊಳಗೆ ಏನೋ ಹರಿದಾಡಿತು. ಗೇಟಿಗೆ ಬಂದು ಬಡಿದಳು.

ನೀರು ಕೊಡುತ್ತಿದ್ದವಳು ಗಂಗಲಕ್ಷ್ಮಮ್ಮ. ನಲ್ಲಿ ಅವಳ ಕಾಂಪೌಂಡಿನಲ್ಲಿತ್ತು. ಪೈಪನ್ನು ಗೇಟಿನ ಮೇಲಿನಿಂದ ಇಳಿಬಿಡುತ್ತಿದ್ದಳು. ದುರ್ಗವ್ವ ಪೈಪು ಮುಟ್ಟಬಾರದು, ಕೊಡವನ್ನು ಕೆಳಗೆ ಹಿಡಿಯಬೇಕು. ಮುಟ್ಟಬೇಡ ಎಂದು ಆಕೆ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ಮೊದಲನೆಯ ದಿನ ದುರ್ಗವ್ವನ ಕೈ ತಗುಲಿದ ಪೈಪಿನ ತುದಿಯನ್ನು ಕತ್ತರಿಯಲ್ಲಿ ಕತ್ತರಿಸಿ ಎಸೆದಿದ್ದಳು. ಅಷ್ಟು ಸಾಕಾಗಿತ್ತು.

ಕಣ್ಣಿಗೆ ನೊಣ ಹೊಡೆದಿದೆ, ಒಂದು ಚೊಂಬು ನೀರು ಕೊಡಿ ಎಂದು ದುರ್ಗವ್ವ ಕೇಳಿದಳು. ಗಂಗಲಕ್ಷ್ಮಮ್ಮ ಗೇಟಿನ ಸಂದಿಯಿಂದ ಆ ಕೆಂಪು ಕಣ್ಣನ್ನು ನೋಡಿದಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಹತ್ರ ಬರಬೇಡ. ಅಲ್ಲೇ ನಿಂತ್ಕೋ. ತಲೆ ಎತ್ತು."

ದುರ್ಗವ್ವ ತಲೆ ಎತ್ತಿದಳು. ಆಕೆ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೀರನ್ನು ನೇರ ಮುಖಕ್ಕೆ ಬಿಟ್ಟಳು. ಮೋಟರಿನ ನೀರು. ಕಲ್ಲು ಹೊಡೆದ ಹಾಗೆ ಹೊಡೆಯಿತು. ದುರ್ಗವ್ವನಿಗೆ ಉಸಿರು ಕಟ್ಟಿತು, ಕಾಲು ಜಾರಿತು, ಹಿಕ್ಕೆಯ ಕೆಸರಿನಲ್ಲಿ ಅಂಗಾತ ಬಿದ್ದಳು. ಬಿದ್ದವಳ ಮೇಲೂ ನೀರು ಹರಿಯಿತು. ಗಂಗಲಕ್ಷ್ಮಮ್ಮನಿಗೆ ಸಿಟ್ಟಿರಲಿಲ್ಲ. ಗಿಡಕ್ಕೆ ಬಿಡುವ ಹಾಗೆ ಬಿಡುತ್ತಿದ್ದಳು. ಸಾಕಾ ಎಂದು ಕೇಳಿ, ನಲ್ಲಿ ನಿಲ್ಲಿಸಿ, ತನ್ನ ಕಾಲಿಗೆ ಸಿಡಿದ ಹನಿಗಳನ್ನು ತೊಳೆದುಕೊಂಡು ಒಳಗೆ ಹೋದಳು.

ಬೆಳಗಾಗುವಾಗ ರೆಪ್ಪೆ ಬಾತು ಕಣ್ಣು ಮುಚ್ಚಿಹೋಗಿತ್ತು. ದುಂಡಪ್ಪ ಗೇಟಿನಲ್ಲಿ ಕೈಮುಗಿದು ಬೇಡಿದ. ಕಿಟ್ಟಿ ಯೋಚಿಸಿ ಒಂದು ದಾರಿ ಹೇಳಿದ. ಹೆಂಗಸು ಆಸ್ಪತ್ರೆಗೆ ಹೋಗಲಿ, ಗಂಡಸು ಒಳಗಿರಲಿ. ಇಬ್ಬರಲ್ಲಿ ಒಬ್ಬರು ಜಾಗದಲ್ಲಿ ಇರಲೇಬೇಕು. ದುಂಡಪ್ಪನನ್ನು ಒಳಗೆ ಹಾಕಿ ಬೀಗ ಬಿತ್ತು. ದುರ್ಗವ್ವ ಒಂದು ಕಣ್ಣಿನಲ್ಲಿ ಬಸ್ಸು ಹಿಡಿದಳು. ಅವಳ ಸೀರೆಯ ವಾಸನೆಗೆ ಪಕ್ಕದವಳು ಎದ್ದು ಮುಂದೆ ಹೋಗಿ ನಿಂತಳು. ಆ ಸೀಟು ಕಡೇ ತನಕ ಖಾಲಿಯೇ ಇತ್ತು. ಬಸ್ಸಿನಲ್ಲಿ ಜನ ನಿಂತಿದ್ದರು.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಯಂತ್ರದ ಮುಂದೆ ಕೂರಿಸಿ, ಗದ್ದ ಇಡಿಸಿ, ರೆಪ್ಪೆ ಬಿಡಿಸಿ ನೋಡಿದಳು. ಆಮೇಲೆ ಡಾಕ್ಟರಿಕೆ ಓದುತ್ತಿದ್ದ ಹುಡುಗ ಹುಡುಗಿಯರನ್ನು ಕರೆದಳು. ಎಲ್ಲರೂ ಸಾಲಾಗಿ ಬಂದು ನೋಡಿದರು. ಮೊಬೈಲುಗಳು ಹೊರಬಂದವು.

"ಆಂಟಿ, ಕಣ್ಣು ಇನ್ನೂ ಸ್ವಲ್ಪ ದೊಡ್ದಾಗಿ ಬಿಡಿ. ಕ್ಲಿಯರ್ ಆಗಿ ಬರ್ತಿಲ್ಲ."

ಅವಳು ಬಿಟ್ಟಳು. ಒಬ್ಬ ಹುಡುಗ ತೆಗೆದದ್ದನ್ನು ಅವಳಿಗೂ ತೋರಿಸಿದ. ಪರದೆಯ ತುಂಬ ಒಂದು ಕೆಂಪು ಕಣ್ಣು. ಬಿಳಿ ಗುಡ್ಡೆಯ ಮೇಲೆ ದಾರದ ಚೂರಿನಂಥವು ಬೆಳಕಿಗೆ ಹೆದರಿ ರೆಪ್ಪೆಯ ಕೆಳಗೆ ಓಡುತ್ತಿದ್ದವು. ಅದು ತನ್ನ ಕಣ್ಣೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಯಾರೋ ವಾವ್ ಎಂದರು. ಅವಳು ಕುರಿಯ ಬಾಲ ಎತ್ತಿದಾಗ ಕುರಿ ಹೇಗೆ ನಿಂತಿರುತ್ತಿತ್ತೋ ಹಾಗೆ ಕೂತಿದ್ದಳು.

ಡಾಕ್ಟರಮ್ಮ ಮರಗಟ್ಟುವ ಔಷಧಿ ಬಿಟ್ಟು, ಸಣ್ಣ ಚಿಮಟದಲ್ಲಿ ಹುಳಗಳನ್ನು ಒಂದೊಂದಾಗಿ ತೆಗೆದಳು. ಕಣ್ಣಿಗೆ ಏನೂ ಆಗುವುದಿಲ್ಲ, ಡ್ರಾಪ್ಸ್ ಹಾಕಿಕೋ ಎಂದಳು. ಕುರಿ ಕಾಯುತ್ತೀಯಾ ಎಂದು ಕೇಳಿದಳು. ಕುರಿಗಳಿಗೆ ಔಷಧಿ ಆಗುವ ತನಕ ನಿನಗೂ ಇದು ತಪ್ಪಿದ್ದಲ್ಲ ಎಂದಳು. ಸರ್ಕಾರಿ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗಬೇಕಂತೆ. ದುಡ್ಡು ಬೇಡವಂತೆ.

"ಒಂದು ಇಂಜೆಕ್ಷನ್ ಸಾಕಮ್ಮ. ಒಂದೊಂದಕ್ಕೆ ಒಂದೊಂದು."

ದುರ್ಗವ್ವ ವಾಪಸು ಬಸ್ಸಿನಲ್ಲಿ ಕೂತು ಆ ಮಾತನ್ನೇ ಅಗಿದಳು. ಒಂದು ಸೂಜಿ. ಒಂದು ಸೂಜಿಗೆ ಹೋಗುವ ಹುಳವನ್ನು ತಾನು ಮಳೆಗಾಲವೆಲ್ಲ ಉಗುರಿನಲ್ಲಿ ಕಿತ್ತೆ. ಅವಳಿಗೆ ಅಳು ಬರಲಿಲ್ಲ.

ಕಿಟ್ಟಿಗೆ ಹೇಳಿದಳು. ಅವನು ಆಗಲಿ ಎಂದ. ಅಷ್ಟು ಬೇಗ ಒಪ್ಪಿದನಲ್ಲ ಎಂದು ಅವಳು ತಲೆ ಎತ್ತಿದಳು. ಅವನ ಮಾತು ಮುಗಿದಿರಲಿಲ್ಲ. ಸೋಮವಾರ ಕೋರ್ಟಿನಿಂದ ಕಮಿಷನರ್ ಬರುತ್ತಾರೆ, ಜಾಗದಲ್ಲಿ ಏನೇನಿದೆ ಎಂದು ನೋಡಿ ಬರೆದುಕೊಳ್ಳುತ್ತಾರೆ, ಅದಾದ ಮೇಲೆ ಸೂಜಿ. ಅಲ್ಲಿಯ ತನಕ ಒಂದೂ ಕದಲಬಾರದು. ಮತ್ತೆ ಆ ಮೂಲೆಯಲ್ಲಿ ಬಿದ್ದುಕೊಂಡಿರುವ ಮೂರು ಕುರಿ ಕಮಿಷನರ್ ಕಣ್ಣಿಗೆ ಬೀಳಬಾರದು. ಕಾಲುವೆಗೆ ಹಾಕು ಎಂದ.

"ಜೀವ ಅದಾವ್ರೀ ಅವು."

"ಇವತ್ತಲ್ಲ ನಾಳೆ ಸಾಯ್ತವೆ. ನೂಕು."

"ನಾ ಒಲ್ಲೆ."

ಕಿಟ್ಟಿಗೆ ಆ ಶಬ್ದ ತಿಳಿಯಲಿಲ್ಲವೋ ಏನೋ, ಒಂದು ಕ್ಷಣ ಅವಳ ಮುಖವನ್ನೇ ನೋಡಿದ. ಆಮೇಲೆ ದುಂಡಪ್ಪನ ಕಡೆ ತಿರುಗಿದ. ನೀನು ಗಂಡಸು ಹೌದಾ ಅಲ್ಲವಾ, ಇಲ್ಲದಿದ್ದರೆ ಈಗಲೇ ಗಂಟುಮೂಟೆ ಕಟ್ಟು, ನಿನ್ನಂಥೋರು ಮೆಟ್ರೋ ಸ್ಟೇಷನ್ ಕೆಳಗೆ ಬೇಕಾದಷ್ಟು ಮಲಗಿದ್ದಾರೆ ಎಂದ.

ದುಂಡಪ್ಪ ಹೆಂಡತಿಯನ್ನು ನೋಡಲಿಲ್ಲ. ಮೂಲೆಗೆ ಹೋದ. ಮೊದಲನೆಯದರ ಹಿಂಗಾಲು ಹಿಡಿದು ಕೆಸರಿನಲ್ಲಿ ಎಳೆದ. ಕಾಲುವೆಯ ಕಡೆ ತಗಡಿನಲ್ಲಿ ಒಂದು ಕಂಡಿಯಿತ್ತು. ಅಲ್ಲಿಂದ ನೂಕಿದ. ಎರಡನೆಯದನ್ನು ನೂಕಿದ. ಮೂರನೆಯದು ದುರ್ಗವ್ವ ಬಾಲದ ಹುಳ ಹೆಕ್ಕಿದ ಕುರಿ. ಅದರ ಗಾಯ ಒಣಗತೊಡಗಿತ್ತು, ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಮೂಡಿತ್ತು. ಅದು ಮುಂಗಾಲು ಊರಿ ನಿಂತಿತು. ಕಂಡಿಯ ಅಂಚಿಗೆ ಗೊರಸು ಸಿಕ್ಕಿಸಿಕೊಂಡಿತು. ದುಂಡಪ್ಪ ಗೊರಸನ್ನು ಬಿಡಿಸಿದ. ಕಪ್ಪು ನೊರೆಯ ಮೇಲೆ ಅದರ ತಲೆ ಒಂದು ಸಲ ಎದ್ದಿತು. ಅಷ್ಟು ದಿನ ಬಿದ್ದುಹೋಗಿದ್ದ ದನಿ ಆಗ ಬಂತು. ಕಾಲುವೆಯ ತಿರುವಿನ ತನಕ ಒದರಿಕೊಂಡೇ ಹೋಯಿತು. ಕಿಟ್ಟಿ ಫೋನು ನೋಡುತ್ತಿದ್ದ.

ಸಂಜೆ ದುಂಡಪ್ಪ ಶೆಡ್ಡಿನ ಬಾಗಿಲಲ್ಲಿ ಕುಕ್ಕರಿಸಿದ. "ಏನ ಮಾಡ್ಲಿ ಹೇಳು. ಎಲ್ಲಿಗೆ ಹೋಗೂಣು?"

"ಕೈ ತೊಳಕೊ" ಎಂದಳು ದುರ್ಗವ್ವ.

ಸೋಮವಾರ ಗಂಗಲಕ್ಷ್ಮಮ್ಮ ತನ್ನ ಹಳೆಯ ಸೀರೆಯೊಂದನ್ನು ಗೇಟಿನ ಮೇಲಿನಿಂದ ಎಸೆದಳು, ಉಟ್ಟುಕೊಳ್ಳಲಿಕ್ಕೆ. ದುರ್ಗವ್ವ ಅದನ್ನು ಬಿದ್ದಲ್ಲೇ ಬಿಟ್ಟಳು. ಕಿಟ್ಟಿ ಬಂದು ಹೇಳಿಕೊಟ್ಟ. ಯಾರು ಕೇಳಿದರೂ, ನಮ್ಮ ಮಾವನ ಕಾಲದಿಂದ ಇಲ್ಲೇ ಇದ್ದೇವೆ, ಧಣಿಗಳ ಕುರಿ ಕಾಯುತ್ತೇವೆ ಎನ್ನಬೇಕು. ಎರಡು ಸಲ ಹೇಳಿಸಲು ನೋಡಿದ. ದುಂಡಪ್ಪ ಹೇಳಿದ. ದುರ್ಗವ್ವ ಹೇಳಲಿಲ್ಲ. ಹೆದರಿದ್ದಾಳೆ, ಆಗ ಹೇಳುತ್ತಾಳೆ ಎಂದುಕೊಂಡ ಅವನು.

ಗೇಟಿನ ಎರಡೂ ಬಾಗಿಲು ತೆರೆದವು. ಎಷ್ಟೋ ದಿನಕ್ಕೆ ಮೊದಲ ಸಲ. ಕಮಿಷನರ್ ಎಂದರೆ ಕೋರ್ಟು ನೇಮಿಸಿದ ಒಬ್ಬ ವಯಸ್ಸಾದ ವಕೀಲರು. ಮಾಸ್ಕು ಹಾಕಿಕೊಂಡು ಒಳಗೆ ಬಂದರು. ಜೊತೆಗೆ ಬರೆದುಕೊಳ್ಳುವ ಗುಮಾಸ್ತ, ಟೇಪು ಹಿಡಿದ ಸರ್ವೇಯರು, ಕಿಟ್ಟಿಯ ವಕೀಲ, ಬಿಲ್ಡರನ ವಕೀಲೆ ರಾಗಿಣಿ. ಎಲ್ಲರೂ ಇಟ್ಟಿಗೆಯ ಮೇಲೆ ಕಾಲಿಟ್ಟು ಇಟ್ಟಿಗೆಗೆ ದಾಟಿದರು. ಎಷ್ಟು ವರ್ಷದಿಂದ ಇದ್ದೀರಿ ಎಂದು ಕಮಿಷನರ್ ದುರ್ಗವ್ವನನ್ನು ಕೇಳಿದರು.

"ವರ್ಷ ತುಂಬಿಲ್ರೀ. ಹೋದ ದೀಪಾವಳಿಗೆ ಬಂದೀವಿ."

ಕಿಟ್ಟಿ ನಕ್ಕ. ಉತ್ತರ ಕರ್ನಾಟಕದವಳು, ನಮ್ಮ ಮಾತು ಸರಿಯಾಗಿ ತಿಳಿಯುವುದಿಲ್ಲ ಎಂದ. ದುರ್ಗವ್ವ ನಿಲ್ಲಿಸಲಿಲ್ಲ.

"ನನ್ನ ಕೂಡಿ ಹಾಕ್ಯಾರ್ರೀ. ಹೊರಗಿಂದ ಕೀಲಿ ಹಾಕ್ತಾರ. ಕೀಲಿಕೈ ಆ ಅಮ್ಮಾರ ಸೊಂಟದಾಗೈತಿ. ಕುರಿಗೆ ಹುಳ ಬಿದ್ದಾವ, ಡಾಕ್ಟರ್‌ನ ಕರಸಲಿಲ್ಲ. ಜೀವಂತ ಕುರಿ ಕಾಲುವ್ಯಾಗ ಒಗಸ್ಯಾರ."

ಟಗರೊಂದನ್ನು ಎಳೆದು ತಂದು ಅದರ ಮೂಗನ್ನು ಅವರ ಕಡೆ ಹಿಡಿದಳು. ಸಿಂಬಳ, ರಕ್ತ. ತನ್ನ ರೆಪ್ಪೆ ಬಿಡಿಸಿ ಕಣ್ಣು ತೋರಿಸಿದಳು. ಕಮಿಷನರ್ ಎರಡು ಇಟ್ಟಿಗೆ ಹಿಂದಕ್ಕೆ ಹೋದರು. ಕಿಟ್ಟಿಯ ವಕೀಲ ಮಾತ್ರ ಮುಂದಕ್ಕೆ ಬಂದ. ಅವನ ಮುಖ ಅರಳಿತ್ತು.

"ಅದನ್ನೇ ಬರ್ಕೊಳ್ಳಿ ಸಾರ್. ಬೀಗದ ಕೈ ನಮ್ಮ ಕಕ್ಷಿದಾರರ ತಾಯಿ ಹತ್ರ ಇದೆ ಅಂತ ಆಯಮ್ಮನೇ ಹೇಳ್ತಿದಾಳೆ. ಸ್ವಾಧೀನ ನಮ್ದು ಅನ್ನೋಕೆ ಇನ್ನೇನು ಬೇಕು?"

ಗುಮಾಸ್ತ ಬರೆದುಕೊಂಡ. ವರ್ಷ ತುಂಬಿಲ್ಲ ಎಂದದ್ದನ್ನೂ ಬರೆದುಕೊಳ್ಳಿ ಎಂದಳು ರಾಗಿಣಿ. ಅದನ್ನೂ ಬರೆದುಕೊಂಡ. ಕೂಡಿ ಹಾಕಿದ್ದನ್ನು ಬರೆದುಕೊಳ್ಳಿ ಎಂದು ಇಬ್ಬರು ವಕೀಲರೂ ಹೇಳಲಿಲ್ಲ. ದುರ್ಗವ್ವ ಇನ್ನೂ ಟಗರಿನ ಮೂಗು ಹಿಡಿದೇ ನಿಂತಿದ್ದಳು. ಕಮಿಷನರ್ ಅವಳಿಗೆ ಸಮಾಧಾನದಿಂದಲೇ ಹೇಳಿದರು.

"ಕುರಿ ಕಾಯಿಲೆ ನನ್ ಕೆಲಸ ಅಲ್ಲಮ್ಮ. ಜಾಗದಲ್ಲಿ ಕುರಿ ಇದೆಯೋ ಇಲ್ವೋ, ಅಷ್ಟೇ ನಾನು ನೋಡೋದು."

ಅವರು ಅಳತೆ ನೋಡಲು ಆಚೆ ತುದಿಗೆ ಹೋದರು. ದುರ್ಗವ್ವ ಟಗರನ್ನು ಬಿಟ್ಟಳು. ಕೈಯನ್ನು ಸೀರೆಗೆ ಒರೆಸಿಕೊಂಡಳು. ತನ್ನ ಬಾಯಿಯ ಮಾತೂ ಅವರ ಬೀಗಕ್ಕೇ ಸೇರಿಕೊಂಡಿತು. ಆಡಿದ್ದು ಅವಳು, ಗೆದ್ದದ್ದು ಅವನು. ಇನ್ನು ಆಡುವುದಕ್ಕೆ ಮಾತಿರಲಿಲ್ಲ. ಕುರಿ ಇದೆಯೋ ಇಲ್ಲವೋ. ಅಷ್ಟೇ.

ಗೇಟು ತೆರೆದೇ ಇತ್ತು.

ಅವಳು ಗೇಟಿನಲ್ಲಿ ನಿಂತು, ನಾಲಿಗೆ ಮಡಿಸಿ, ಕುರಿ ಕರೆಯುವ ಸದ್ದು ಮಾಡಿದಳು. ಬೇಸಿಗೆಯಿಂದೀಚೆಗೆ ಆ ಸದ್ದು ಅವಳ ಬಾಯಿಯಿಂದ ಬಂದಿರಲಿಲ್ಲ. ಕುರಿಗಳು ಕಿವಿ ನಿಮಿರಿಸಿದವು. ಒಂದು ಬಂತು. ಅದರ ಹಿಂದೆ ಎರಡು. ಆಮೇಲೆ ಇಡೀ ಹಿಂಡು ಕೆಸರಿನಿಂದ ಕಾಲು ಕಿತ್ತುಕೊಂಡು, ಸೀನುತ್ತ, ಕುಂಟುತ್ತ, ಟೇಪನ್ನು ತುಳಿದುಕೊಂಡು, ಕಮಿಷನರ ಪ್ಯಾಂಟಿಗೆ ಉಜ್ಜಿಕೊಂಡು ಹೊರಗೆ ಬಂತು. ಮನೆಗಳ ಮುಂದಿನ ರಂಗೋಲಿಯ ಮೇಲೆ ಹಾದು ರಸ್ತೆಗೆ ಇಳಿಯಿತು.

ಕಿಟ್ಟಿ ಓಡಿಬಂದ. ಹಿಂದೆ ಕಮಿಷನರ್ ನೋಡುತ್ತಿದ್ದರು. ಅದಕ್ಕೆ ಮುಖದಲ್ಲಿ ನಗು ಇಟ್ಟುಕೊಂಡು, ಅವಳ ಪಕ್ಕಪಕ್ಕಕ್ಕೆ ನಡೆದು, ಹಲ್ಲಿನ ಸಂದಿಯಲ್ಲಿ ಕೇಳಿದ.

"ಎಲ್ಲಿಗೇ ಹೊರಟೆ? ಸಿಗಿದ್ಹಾಕ್ಬಿಡ್ತೀನಿ. ವಾಪಸ್ ಹೊಡಿ."

"ದವಾಖಾನಿಗೆ."

ಅವನು ರಟ್ಟೆಗೆ ಕೈ ಹಾಕಿದ. ರಾಗಿಣಿ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದಳು. ಕುರಿ ಇಲ್ಲ ಅಂತ ಬರ್ಕೊಳ್ಳಿ ಸಾರ್ ಎಂದು ಆಕೆ ಹೇಳಿದ್ದು ರಸ್ತೆಯ ತನಕ ಕೇಳಿತು. ಕಿಟ್ಟಿ ಕೈ ತೆಗೆದ. ನೀನಾದರೂ ಒಳಗೇ ಸಾಯಿ ಎಂದು ದುಂಡಪ್ಪನನ್ನು ಶೆಡ್ಡಿಗೆ ನೂಕಿದ. ದುಂಡಪ್ಪ ಒಳಗೇ ಉಳಿದ.

ಮೈಸೂರು ರೋಡಿನಲ್ಲಿ ಬಸ್ಸುಗಳು ಹಾರ್ನು ಹೊಡೆದವು. ಕಾರಿನವರು ಗಾಜು ಇಳಿಸಿ ಬೈದರು. ಕುರಿಗಳು ಮೆಟ್ರೋ ಕಂಬದ ನೆರಳಿಗೆ ಒತ್ತಿಕೊಂಡು ನಡೆದವು. ದಾಟುವ ಕಡೆ ಒಬ್ಬ ಡೆಲಿವರಿ ಹುಡುಗ ಬೈಕನ್ನು ಅಡ್ಡ ನಿಲ್ಲಿಸಿ ಗಾಡಿಗಳನ್ನು ತಡೆದ. ಯಾವೂರವ್ವಾ ಎಂದು ಕೇಳಿದ. ಹೇಳಿದಳು. ಅವನು ತನ್ನ ಊರು ಅದರ ಪಕ್ಕದ ದೇವದುರ್ಗ ಎಂದ. ಕೊನೆಯ ಕುರಿ ದಾಟುವ ತನಕ ಬೈಕು ತೆಗೆಯಲಿಲ್ಲ.

ಪಶು ಆಸ್ಪತ್ರೆಯ ಡಾಕ್ಟರು ಊಟಕ್ಕೆ ಏಳುವುದರಲ್ಲಿದ್ದರು. ಹಿಂಡನ್ನು ನೋಡಿ ಕೂತರು. ಬೈದರು, ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು. ದುರ್ಗವ್ವ ಬೈಸಿಕೊಂಡಳು. ಅವಳು ಒಂದೊಂದನ್ನೇ ಹಿಡಿದಳು, ಅವರು ಸೂಜಿ ಚುಚ್ಚಿದರು. ಗಾಯಗಳಿಗೆ ನೀಲಿ ಔಷಧಿ ಹೊಡೆದರು. ಒಂದು ಹೊತ್ತಿನ ಅನ್ನ ಬೇಯುವಷ್ಟರಲ್ಲಿ ಎಲ್ಲ ಮುಗಿಯಿತು. ಬೇಕಾಗಿದ್ದದ್ದು ಇಷ್ಟೇ. ಕೊನೆಯದನ್ನು ಬಿಟ್ಟ ಮೇಲೆ ದುರ್ಗವ್ವ ಅಂಗಳದ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಈ ಔಷಧಿ ಮೈಯಿಂದ ಇಳ್ಯೋಕೆ ಒಂದು ತಿಂಗಳಾದ್ರೂ ಬೇಕು, ಅಲ್ಲಿ ತನಕ ಇವನ್ನ ಕಡೀಬಾರದು ಎಂದರು ಡಾಕ್ಟರು. ಕುರಿಗಳು ಆಸ್ಪತ್ರೆಯಂಗಳದ ಹುಲ್ಲಿಗೆ ಬಾಯಿ ಹಾಕಿದ್ದವು. ಹಸಿರು ಹುಲ್ಲು.

ಅಷ್ಟರಲ್ಲಿ ಕಿಟ್ಟಿಯ ಟೆಂಪೋ ಬಂತು.

ಅದರಲ್ಲಿ ಕುರಿ ವ್ಯಾಪಾರಿಯೊಬ್ಬ, ಅವನ ಇಬ್ಬರು ಆಳು, ದುಂಡಪ್ಪ. ದುಂಡಪ್ಪನ ತುಟಿ ಒಡೆದಿತ್ತು. ಕಿಟ್ಟಿ ನಗುತ್ತಿರಲಿಲ್ಲ. ಜಾಗದಲ್ಲಿ ಕುರಿ ಇಲ್ಲ ಎಂದು ಕಮಿಷನರ್ ಬರೆದಾಗಿತ್ತು. ಇನ್ನು ಅವನಿಗೆ ಕುರಿ ಬೇಕಿರಲಿಲ್ಲ. ಇದ್ದ ಬೆಲೆಗೆ ಕಸಾಯಿಗೆ ಮಾರಿದ್ದ. ಸೂಜಿ ಹಾಕಿದ ಕುರಿ, ಜನ ತಿನ್ನುತ್ತಾರೆ, ಹಾಗೆ ಮಾಡಬೇಡಿ ಎಂದು ಡಾಕ್ಟರು ಅಡ್ಡ ಬಂದರು. ನನ್ನ ಕುರಿ ಸಾರ್, ನಿಮ್ಮ ಕೆಲಸ ಮುಗೀತಲ್ಲ ಎಂದ. ಡಾಕ್ಟರು ಫೋನು ತೆಗೆದು ಯಾರಿಗೋ ಮಾಡಿದರು. ಆ ಕಡೆಯಿಂದ ಯಾರೂ ಎತ್ತಲಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತರು.

ಟೆಂಪೋಗೆ ಹಲಗೆ ಹಾಕಿದರು. ಕುರಿ ಏರಲಿಲ್ಲ. ಆಳುಗಳು ಹೊಡೆದರು. ಚೆದುರಿ ಓಡಿ, ತಿರುಗಿ ದುರ್ಗವ್ವನ ಕಾಲಿಗೇ ಬಂದು ಒತ್ತಿಕೊಂಡವು.

"ಕರಿಯೇ ಅವನ್ನ" ಎಂದ ಕಿಟ್ಟಿ. "ನೀನು ಕರೆದ್ರೆ ಏರ್ತವೆ."

ಅದು ನಿಜವಾಗಿತ್ತು. ಅವಳು ಹಲಗೆಯ ಮೇಲೆ ನಿಂತು ಒಂದು ಸಲ ನಾಲಿಗೆ ಆಡಿಸಿದ್ದರೆ ಎಲ್ಲವೂ ತಾವಾಗಿ ಏರುತ್ತಿದ್ದವು. ಒಂದಕ್ಕೂ ಪೆಟ್ಟು ಬೀಳುತ್ತಿರಲಿಲ್ಲ. ದುರ್ಗವ್ವ ತನ್ನ ಕಾಲಿಗೆ ಒತ್ತಿಕೊಂಡಿದ್ದ ಮೈಗಳನ್ನು ನೋಡಿದಳು. ನೀಲಿ ಔಷಧಿ ಇನ್ನೂ ಹಸಿಯಾಗಿತ್ತು. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ನಾ ಒಲ್ಲೆ. ಕುರಿ ನಿಮ್ಮವು. ಹುಳ ನಿಮ್ಮವು. ಕೈ ನನ್ನವು."

ಆಳುಗಳು ಕಿವಿ ಹಿಡಿದು, ಕಾಲು ಹಿಡಿದು ಎಸೆಯತೊಡಗಿದರು. ಒಂದರ ಮುಂಗಾಲು ಹಲಗೆಯ ಸಂದಿಗೆ ಸಿಕ್ಕಿ ಲಟಕ್ಕೆಂದಿತು. ಅದು ಅವಳ ಕಡೆ ತಲೆ ತಿರುಗಿಸಿ ಒದರಿತು. ಅವಳು ಮುಖ ತಿರುಗಿಸಲಿಲ್ಲ. ನೋಡುತ್ತಲೇ ನಿಂತಳು. ಔಷಧಿ ಹಾಕಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಇನ್ನೊಂದು ಕಣ್ಣು ಒಣಗಿತ್ತು.

ಕಿಟ್ಟಿ ದುಂಡಪ್ಪನ ಕುತ್ತಿಗೆಯ ಮೇಲೆ ಕೈಯಿಟ್ಟು ಮುಂದಕ್ಕೆ ನೂಕಿದ. ನಿನ್ನ ಹೆಂಡತಿಗೆ ಕೊಬ್ಬು, ನೀನು ಎತ್ತು ಎಂದ. ದುಂಡಪ್ಪ ಬಗ್ಗಿದ. ಒಂದು ಮರಿಯ ಹಿಂಗಾಲಿಗೆ ಕೈ ಚಾಚಿದ. ದುರ್ಗವ್ವ ಎರಡು ಹೆಜ್ಜೆ ಬಂದು ಅವನ ಮಣಿಕಟ್ಟು ಹಿಡಿದಳು. ಹುಳ ಕಿತ್ತು ಕಿತ್ತು ಅವಳ ಉಗುರುಗಳು ಮೊನಚಾಗಿದ್ದವು. ಚರ್ಮಕ್ಕೆ ನಾಟಿದವು.

"ಹೊಡೀತಾನ ಬಿಡು" ಎಂದ ದುಂಡಪ್ಪ ಮೆಲ್ಲಗೆ.

"ಹೊಡೀಲಿ."

ಕಿಟ್ಟಿ ಹೊಡೆದ. ದುಂಡಪ್ಪನ ಕೆನ್ನೆಗೆ, ಎಲ್ಲರ ಎದುರಿಗೆ, ಎರಡು ಸಲ. ಆಸ್ಪತ್ರೆಗೆ ಹಸು ತಂದವರು, ನಾಯಿ ತಂದವರು ನಿಂತು ನೋಡಿದರು. ದುಂಡಪ್ಪನ ಒಡೆದ ತುಟಿಯಿಂದ ಮತ್ತೆ ರಕ್ತ ಇಳಿಯಿತು. ಅವನು ನೆಟ್ಟಗಾದ. ಬಗ್ಗಲಿಲ್ಲ. ಚಾಚಿದ್ದ ಕೈಯ ಬೆರಳುಗಳು ಒಂದೊಂದಾಗಿ ಮಡಿಸಿಕೊಂಡವು.

ಆಳುಗಳು ಉಳಿದವನ್ನು ತುಂಬಿದರು. ಕೊನೆಗೆ ಕಿಟ್ಟಿಯೂ ಕೈ ಹಾಕಬೇಕಾಯಿತು. ಹಿಂಬಾಗಿಲು ಬಿತ್ತು. ಗಾಡಿ ಹೊರಟಿತು. ಕಂಬಿಗಳ ನಡುವೆ ಮೂಗುಗಳು ತೂರಿಕೊಂಡು, ಸೀನುತ್ತ, ಉಸಿರು ಹುಡುಕುತ್ತಿದ್ದವು. ದುರ್ಗವ್ವ ಗಂಡನ ಮಣಿಕಟ್ಟು ಬಿಡಲಿಲ್ಲ. ಟೆಂಪೋ ಗೇಟು ದಾಟಿ ಮೈಸೂರು ರೋಡಿಗೆ ತಿರುಗಿದ ಮೇಲೂ ಬಿಡಲಿಲ್ಲ.